ಅಂಗಡಿಯದ್ದೇ ಹೆಸರಿನ ಉದ್ದಿನಬೇಳೆ

ಉಡುಪಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಉದ್ದಿನ ದೋಸೆ ಆಗಲೇಬೇಕು. ಸೂಪರ್ ಮಾರ್ಕೆಟ್‌ನವರದ್ದೇ ಹೆಸರಿನ ಉದ್ದಿನಬೇಳೆ ತಂದಾಗ ಅಮ್ಮನಿಗೆ ಅನುಮಾನ. ರಾತ್ರಿ ರುಬ್ಬಿಟ್ಟೆವು. ಬೆಳಿಗ್ಗೆ ನೋಡಿದರೆ ಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳ ಎತ್ತಿತ್ತು! ಈಗ ಬೇಳೆ, ಸಕ್ಕರೆ, ನೆಲ ಒರೆಸುವ ಫಿನಾಯಿಲ್ ಎಲ್ಲಾ ಅದೇ. ಟಿವಿ ಜಾಹೀರಾತಿನ ಖರ್ಚಿಲ್ಲ, ರೇಟು ಕಡಿಮೆ ಆಗಲೇಬೇಕು ಅಲ್ವಾ? ಆದರೆ ಸುಮ್ನೆ ರೇಟು ಮಾತ್ರ ನೋಡಬೇಡಿ. ಪ್ಯಾಕೆಟ್ ಹಿಂದೆ ತಯಾರಿಸಿದವರ ಹೆಸರು, ತಿನ್ನುವ ವಸ್ತುವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ, ಓದಿ. ತೂಕವನ್ನೂ ನೋಡಿ.

ಅಂಗಡಿಯದ್ದೇ ಹೆಸರಿನ ತೆಂಗಿನೆಣ್ಣೆ ಮಾತ್ರ ನನಗೆ ಬೇಡ. ಒಮ್ಮೆ ತಂದಿದ್ದೆ. ಬಸಳೆ ಹುಳಿಗೆ ಒಗ್ಗರಣೆ ಹಾಕಿದರೂ ಕೊಬ್ಬರಿ ಪರಿಮಳವೇ ಬರಲಿಲ್ಲ. ತುಂಬಾ ಬೇಜಾರಾಯಿತು. ಎಣ್ಣೆಗೆ ಈಗಲೂ ಬಾಟಲಿ ಹಿಡಿದು ಮಿಲ್ಲಿಗೇ ಹೋಗುತ್ತೇನೆ.