ಅವಳು ಮುಂದೆ, ನಾವು ಹಿಂದೆ

ನಿನ್ನೆಯಿಂದ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದೇನೆ. ಹತ್ತುವಾಗ ಅಷ್ಟೇನೂ ಇಲ್ಲ, ಇಳಿಯುವಾಗ ಮಾತ್ರ ತೊಡೆಯನ್ನು ಯಾರೋ ಹಿಂಡಿದ ಹಾಗೆ. ಶನಿವಾರ ನಾವು ನಾಲ್ಕು ಜನ ಗೆಳೆಯರು ಟೆಂಟು, ಸ್ಲೀಪಿಂಗ್ ಬ್ಯಾಗು ಎಲ್ಲ ಹೊತ್ತುಕೊಂಡು ಒಂದು ಬೆಟ್ಟ ಹತ್ತಿ, ಅದರ ಆಚೆ ಬದಿಗೆ ಇಳಿದೆವು. 16 ಕಿಲೋಮೀಟರ್ ದಾರಿ, 1,200 ಮೀಟರ್ ಏರು. ಬೆಳಗ್ಗೆ 6ಕ್ಕೆ ಹೊರಟವರು ಟೆಂಟ್ ಹಾಕುವ ಜಾಗ ಮುಟ್ಟಿದಾಗ ಸಂಜೆ 6:40.

ಹಿಂದಿನ ರಾತ್ರಿ ಕೂತು ಲೆಕ್ಕ ಹಾಕಿದ್ದೆ. ಚಾರಣಿಗರು ಇವತ್ತಿಗೂ ಬಳಸುವ ಹಳೇ ಸೂತ್ರ ಒಂದಿದೆ, ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. ಈಗಿನ ಅಳತೆಯಲ್ಲಿ, ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ 5 ಗಂಟೆ ಚಿಲ್ಲರೆ ಬಂತು. ಆ ಲೆಕ್ಕದಲ್ಲಿ ಕೂತು ಸುಧಾರಿಸಿಕೊಳ್ಳುವ ಹೊತ್ತು ಸೇರಿಲ್ಲ, ಬೆನ್ನ ಮೇಲಿನ 13 ಕೆಜಿಯೂ ಸೇರಿಲ್ಲ. ಅದಕ್ಕೇ ದುಪ್ಪಟ್ಟು ಮಾಡಿ 10 ಗಂಟೆ ಇಟ್ಟಿದ್ದೆ. ಅದೂ ಸಾಲಲಿಲ್ಲ.

ಬೆಳಗ್ಗೆ ನಾನೂ ಇನ್ನೊಬ್ಬನೂ ಮುಂದೆ ಇದ್ದೆವು. ನಮ್ಮ ಗೆಳತಿ ಎಲ್ಲರಿಗಿಂತ ಹಿಂದೆ. ಭಾರ ಹೊತ್ತು ಮಾಡುವ ಚಾರಣ ಅವಳಿಗೆ ಇದೇ ಮೊದಲು. ನಾವು ತಿರುವಿನಲ್ಲಿ ಕೂತು ನೀರು ಕುಡಿದು ಕಾಯುತ್ತಿದ್ದೆವು. ಅವಳು ಬಂದ ತಕ್ಷಣ ‘ಹಾ, ಬಂದ್ಯಾ, ಹೊರಡೋಣ’ ಅಂತ ಏಳುತ್ತಿದ್ದೆವು. ಮೂರನೇ ಸಲ ಅವಳು ಬ್ಯಾಗು ಇಳಿಸದೆ ಬಂಡೆಗೆ ಒರಗಿ ನಿಂತು ಕೇಳಿದಳು, “ನೀವು ಕೂತು ಎಷ್ಟು ಹೊತ್ತಾಯ್ತು?”

“ಹತ್ತು ನಿಮಿಷ ಆಗಿರಬಹುದು.”

“ನಾನು ಬೆಳಗ್ಗೆಯಿಂದ ಒಂದ್ಸಲನೂ ಕೂತಿಲ್ಲ ಕಣೋ.”

ಆ ಮಾತು ನನಗೆ ಚುಚ್ಚಿತು. ಎಲ್ಲರಿಗಿಂತ ಜಾಸ್ತಿ ದಣಿದವಳಿಗೆ ವಿಶ್ರಾಂತಿಯೇ ಇಲ್ಲ, ದಣಿಯದವರಿಗೆ ಮೂರು ಸಲ. ಇಷ್ಟು ವರ್ಷ ಬೆಟ್ಟ ಹತ್ತಿದ್ದೇನೆ, ಮುಂದೆ ಹೋಗಿ ಕಾಯುವುದನ್ನೇ ಒಳ್ಳೆಯತನ ಅಂದುಕೊಂಡಿದ್ದೆ. ಅಲ್ಲಿಂದ ಅವಳನ್ನೇ ಮುಂದೆ ಬಿಟ್ಟೆವು. ಅವಳು ನಡೆದಷ್ಟೇ ನಮ್ಮ ನಡಿಗೆ, ಅವಳು ಕೂತರೆ ಎಲ್ಲರೂ ಕೂರುವುದು.

ಹಾಗೆ ಕೂತಾಗಲೇ ಅವಳು ಹಿಮ್ಮಡಿ ಉರಿಯುತ್ತಿದೆ ಅಂದಳು. ಹಿಂದೆ ಒಬ್ಬಳೇ ಬರುತ್ತಿದ್ದಾಗ ಹೇಳಿರಲಿಲ್ಲ. ಶೂ ಬಿಚ್ಚಿದರೆ ಸಾಕ್ಸು ಒದ್ದೆ, ಹಿಮ್ಮಡಿಯ ಮೇಲೆ ಅಂಗಿ ಗುಂಡಿಯಷ್ಟು ಅಗಲ ಕೆಂಪು. ಇನ್ನೂ ನೀರು ತುಂಬಿರಲಿಲ್ಲ, ಸದ್ಯ. ಬೊಬ್ಬೆ ಏಳುವ ಮೊದಲು ಸಿಕ್ಕರೆ ಅರ್ಧ ಗೆದ್ದ ಹಾಗೆ. ಕಾಲು ಒರೆಸಿ, ಗಾಳಿಗೆ ಆರಲು ಬಿಟ್ಟೆವು. ಟೇಪಿನ ನಾಲ್ಕು ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡಿದೆ, ಚೂಪು ಮೂಲೆ ಸಾಕ್ಸಿಗೆ ಸಿಕ್ಕಿ ಬೇಗ ಏಳುತ್ತದೆ. ಒಂದೂ ಸುಕ್ಕಿಲ್ಲದ ಹಾಗೆ ಹೆಬ್ಬೆರಳಲ್ಲಿ ಒತ್ತಿ ಅಂಟಿಸಿದೆ. ಒಣ ಸಾಕ್ಸು. ಆಮೇಲೆ ಲೇಸನ್ನು ಮೇಲಿನ ಕೊನೆಯ ಎರಡು ತೂತುಗಳಲ್ಲಿ ಕುಣಿಕೆ ಮಾಡಿ, ಎದುರಿನ ತುದಿಯನ್ನು ಅದರೊಳಗೆ ತೂರಿಸಿ ಬಿಗಿದೆ. ಹೀಗೆ ಕಟ್ಟಿದರೆ ಹಿಮ್ಮಡಿ ಶೂನೊಳಗೆ ಮೇಲೆ ಕೆಳಗೆ ಜಾರುವುದಿಲ್ಲ.

ಅವಳ ಬ್ಯಾಗನ್ನೂ ಬಿಚ್ಚಿ ಮತ್ತೆ ತುಂಬಿದೆವು. ಮೂರು ಲೀಟರ್ ನೀರು ಅಂದರೆ ಮೂರು ಕೆಜಿ, ಅದು ಹೊರಗಿನ ಜೇಬಿನಲ್ಲಿ ಕೂತು ಅವಳನ್ನು ಹಿಂದಕ್ಕೆ ಎಳೆಯುತ್ತಿತ್ತು. ಬೆನ್ನಿಗೆ ಅಂಟಿದ ಹಾಗೆ ನಡುವೆ ಇಟ್ಟು, ಸೊಂಟದ ಬೆಲ್ಟನ್ನು ಮೂಳೆಯ ಮೇಲೆ ಕೂರಿಸಿದಾಗ “ಅಯ್ಯೋ, ಹೆಗಲು ಬಂತು ನನಗೆ!” ಅಂದಳು.

ತುದಿ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಸಾವಿರ ಮೀಟರ್ ಮೇಲೇರಿದರೆ ಸಾಮಾನ್ಯವಾಗಿ 6ರಿಂದ 7 ಡಿಗ್ರಿ ತಂಪು ಜಾಸ್ತಿ, ಜೊತೆಗೆ ಗಾಳಿ. ಬೆವರಿದ ಅಂಗಿ ನಿಮಿಷದಲ್ಲಿ ತಣ್ಣಗಾಯಿತು. ಜಾಕೆಟ್ ಹಾಕಿಕೊಂಡು ಸುಮ್ನೆ ಕೂತೆವು. ಯಾರೂ ಮಾತಾಡಲಿಲ್ಲ.

ಇಳಿಯುವುದೇ ಉದ್ದ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಬ್ರೇಕಿನ ಕೆಲಸ ಮಾಡುತ್ತದೆ, ಭಾರ ಹೊತ್ತುಕೊಂಡೇ ಹಿಗ್ಗುತ್ತದೆ. ಅದರಿಂದ ಆಗುವ ಸಣ್ಣ ಸಣ್ಣ ಗಾಯಗಳ ನೋವು ಒಂದೆರಡು ದಿನ ಬಿಟ್ಟು ಜೋರಾಗುತ್ತದೆ, ಈಗ ನನಗಾಗಿರುವ ಹಾಗೆ. ಅವಳು ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು, ಸಡಿಲ ಕಲ್ಲು ಕಂಡಲ್ಲೆಲ್ಲ ತಿರುಗಿ ನಮಗೆ ಹೇಳುತ್ತಾ ಇಳಿದಳು. ಕೊನೆಯ ಅರ್ಧ ಗಂಟೆ ಹೆಡ್‌ಲ್ಯಾಂಪ್ ಬೆಳಕು. ಮುಂದೆ ಅವಳ ಬೆಳಕು, ಅದರ ಹಿಂದೆ ನಮ್ಮ ಮೂರು.

ಟೆಂಟಿನ ಬಾಗಿಲಲ್ಲಿ ಕೂತು ಅವಳು ಶೂ ಬಿಚ್ಚಿದಳು. ನಾನೇ ಟಾರ್ಚ್ ಹಿಡಿದೆ. ಟೇಪು ಒಂದು ಅಂಚೂ ಏಳದೆ ಹಾಗೇ ಇತ್ತು.