ಹದಿನೈದು ಪುಟದ ಫ್ಯಾಕ್ಸ್

ಅಮೆರಿಕದಲ್ಲಿ ಹಳೆ ಸೀಡಿ, ಎಲ್‌ಪಿ ಮಾರುವ ಅಂಗಡಿಗಳು ಇನ್ನೂ ಉಸಿರು ಹಿಡಿದುಕೊಂಡಿವೆ. ಕೆನಡಾದ ಕವಿ, ಗಾಯಕ ಲೆನರ್ಡ್ ಕೊಹೆನ್ ಅವರ ಗೌರವಾರ್ಥ ಬಂದ 'ಐಯಾಮ್ ಯುವರ್ ಫ್ಯಾನ್' ಆಲ್ಬಮ್ಮನ್ನು ಅಲ್ಲಿ ಕೊಹೆನ್ ಹೆಸರಿನ ಸಾಲಿನಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಬರೆದವರು ಒಬ್ಬರೇ ಆದರೂ ಹಾಡುಗಳು ಹದಿನೆಂಟು, ಹಾಡಿದವರೆಲ್ಲ ಬೇರೆ ಬೇರೆ. ಹಾಗಾಗಿ ಅದು 'ವೇರಿಯಸ್ ಆರ್ಟಿಸ್ಟ್ಸ್' ಡಬ್ಬಿಯಲ್ಲಿ ಕೂತಿರುತ್ತದೆ. ಕೊಳ್ಳುವಾಗ ಸೀಡಿಯ ಎರಡೂ ಮುಖ ನೋಡಿ. ಹೊಳೆಯುವ ಬದಿಯಲ್ಲಿ ನಡುವಿನಿಂದ ಅಂಚಿಗೆ ಎಳೆದಂತಿರುವ ಗೀರನ್ನು ಪ್ಲೇಯರ್ ಸಂಭಾಳಿಸುತ್ತದೆ, ವೃತ್ತದ ಗುಂಟ ಸಾಗಿದ ಗೀರು ಹಾಡನ್ನು ತೊದಲಿಸುತ್ತದೆ. ಹೆಸರು ಅಚ್ಚಾದ ಬದಿಯ ಗೀರು ಇನ್ನೂ ಅಪಾಯ, ಏಕೆಂದರೆ ಬೆಳಕನ್ನು ಹಿಂದಿರುಗಿಸುವ ಲೋಹದ ಪದರ ಇರುವುದು ಆ ಮೇಲ್ಮೈಗೆ ತಾಗಿಕೊಂಡೇ.

ಈ ಆಲ್ಬಮ್ ಹೊರಬಂದದ್ದು 1991ರಲ್ಲಿ. ಹಾಡುಗಳನ್ನು ಒಟ್ಟುಗೂಡಿಸಿದ್ದು 'ಲೆಜ್ ಆ್ಯಂರೋಕ್ಯುಪ್ಟಿಬ್ಲ್' ಎಂಬ ಫ್ರೆಂಚ್ ಸಂಗೀತ ಪತ್ರಿಕೆ. ಆರ್‌ಇಎಂ, ಪಿಕ್ಸೀಸ್ ಎಂಬ ರಾಕ್ ತಂಡಗಳು, ನಿಕ್ ಕೇವ್, ಉಗಾಂಡಾದ ಜೆಫ್ರಿ ಒರಿಯೆಮಾ, ಹೀಗೆ ಬೇರೆ ಬೇರೆ ದಾರಿಯವರು ಇದರಲ್ಲಿದ್ದಾರೆ. ಕೊನೆಯ ಹಾಡು ವೇಲ್ಸ್‌ನ ಗಾಯಕ ಜಾನ್ ಕೇಲ್ ಹಾಡಿದ 'ಹಲ್ಲೆಲೂಯಾ'.

ನಮ್ಮ ಭಾವಗೀತೆಯಲ್ಲಿ ಒಂದೇ ಕವಿತೆಗೆ ಇಬ್ಬರು ಸಂಯೋಜಕರು ಬೇರೆ ಬೇರೆ ಧಾಟಿ ಹಾಕುವುದುಂಟು. ಕವರ್‌ನಲ್ಲಿ, ಅಂದರೆ ಒಬ್ಬರ ಹಾಡನ್ನು ಇನ್ನೊಬ್ಬರು ಮತ್ತೆ ಹಾಡುವುದರಲ್ಲಿ, ಹಾಗಲ್ಲ. ಧಾಟಿ ಅದೇ, ಸಾಹಿತ್ಯವೂ ಅದೇ. ಉಳಿದದ್ದರಲ್ಲಿ ಹಾಡುವವರು ಏನು ಆಯ್ದುಕೊಳ್ಳುತ್ತಾರೆ ಅನ್ನುವುದೇ ಮುಖ್ಯ. ಕೇಲ್ ಮಾಡಿದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕೊಹೆನ್ 1984ರಲ್ಲಿ ಈ ಹಾಡನ್ನು ಸಿಂಥಸೈಜರ್, ಕೋರಸ್ ಇಟ್ಟುಕೊಂಡು ನಾಲ್ಕು ಚರಣ ಹಾಡಿದ್ದರು. ಅದಿದ್ದ ಆಲ್ಬಮ್ಮನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಅವರ ಕಂಪನಿಯೇ ಒಪ್ಪಿರಲಿಲ್ಲ. ಕೇಲ್ ಸಾಹಿತ್ಯ ಕಳಿಸಿಕೊಡಿ ಎಂದು ಕೇಳಿದಾಗ ಕೊಹೆನ್ ಕಡೆಯಿಂದ ಬಂದದ್ದು ಹದಿನೈದು ಪುಟದ ಫ್ಯಾಕ್ಸ್! ದಾಸರ ಪದಕ್ಕೆ ಚರಣಗಳು ಎಷ್ಟೇ ಇದ್ದರೂ ಕಚೇರಿಯಲ್ಲಿ ಕೆಲವನ್ನೇ ಆರಿಸಿ ಹಾಡುವಂತೆ, ಕೇಲ್ ಮೂಲ ಧ್ವನಿಮುದ್ರಣದ ಮೊದಲ ಎರಡು ಚರಣ ಇಟ್ಟುಕೊಂಡು, ಅದರಲ್ಲಿಲ್ಲದ ಮೂರನ್ನು ಸೇರಿಸಿದರು. ಕೋರಸ್ ಹೋಯಿತು, ಸಿಂಥಸೈಜರ್ ಹೋಯಿತು. ಒಂದು ಪಿಯಾನೋ, ಒಂದು ಗಂಟಲು ಉಳಿಯಿತು. ದೇವರ ಕಡೆ ವಾಲಿದ್ದ ಹಾಡು ಮನುಷ್ಯರ ಪ್ರೀತಿಯ ನೋವಿನ ಕಡೆ ತಿರುಗಿತು.

ಅಮೆರಿಕದ ಗಾಯಕ ಜೆಫ್ ಬಕ್ಲಿ ಈ ಹಾಡನ್ನು ಕಲಿತದ್ದು ಕೊಹೆನ್‌ರಿಂದಲ್ಲ, ಕೇಲ್‌ರಿಂದ. ಕೇಲ್ ಆರಿಸಿದ ಅದೇ ಐದು ಚರಣಗಳನ್ನು ಅವರು 1994ರಲ್ಲಿ ಹಾಡಿದರು. 2008ರ ಕ್ರಿಸ್‌ಮಸ್ ವಾರದಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅಲೆಗ್ಸಾಂಡ್ರಾ ಬರ್ಕ್ ಹಾಡಿದ್ದು 1ನೇ ಸ್ಥಾನ, ಬಕ್ಲಿಯದು 2, ಕೊಹೆನ್‌ರದು 36. ಗಿಟಾರ್ ಹಿಡಿಯುವವರಿಗೆ: ಬಕ್ಲಿಯಂತೆ ನುಡಿಸಲು ಕೇಪೊವನ್ನು 5ನೇ ಫ್ರೆಟ್‌ಗೆ ಹಾಕಿ ಜಿ ಮೇಜರ್ ಶೇಪ್‌ಗಳನ್ನು ಹಿಡಿಯಬೇಕು. ಸಾಹಿತ್ಯದಲ್ಲಿ ನಾಲ್ಕನೆಯದು, ಐದನೆಯದು, ಮೈನರ್, ಮೇಜರ್ ಎಂದು ಸ್ವರಗಳ ನಡೆಯನ್ನೇ ಹೇಳುವ ಸಾಲು ಬರುತ್ತದಲ್ಲ, ಅಲ್ಲಿ ಕೇಳಿಸುವ ಕಾರ್ಡ್‌ಗಳೂ ಎಫ್, ಜಿ, ಎ ಮೈನರ್, ಎಫ್ (ಕೇಪೊ ಇದ್ದಾಗ ಕೈ ಹಿಡಿಯುವ ಶೇಪ್ ಸಿ, ಡಿ, ಇ ಮೈನರ್, ಸಿ) ಎಂದು ಮಾತನ್ನೇ ಹಿಂಬಾಲಿಸುತ್ತವೆ. ಸುಲಭ ಮಾಡಿಕೊಳ್ಳಲು ಆ ಎ ಮೈನರ್ ಬಿಟ್ಟರೆ ಸಾಲಿನ ಜೀವವೇ ಹೋಗುತ್ತದೆ.

ಕೊಹೆನ್‌ಗೆ ಗೌರವವಾಗಿ ಬಂದ ಇನ್ನೊಂದು ಆಲ್ಬಮ್, 1995ರ 'ಟವರ್ ಆಫ್ ಸಾಂಗ್'ನಲ್ಲಿ ಸ್ಟಿಂಗ್, ಎಲ್ಟನ್ ಜಾನ್, ಬೋನೋ, ಬಿಲ್ಲಿ ಜೋಯೆಲ್ ಇದ್ದಾರೆ. ಹೆಸರು ದೊಡ್ಡವು, ಧ್ವನಿಮುದ್ರಣವೂ ಅಚ್ಚುಕಟ್ಟು, ಆದರೆ ವಿಲ್ಲಿ ನೆಲ್ಸನ್‌ರ ಹಾಡನ್ನು ಬಿಟ್ಟರೆ ಮತ್ತೆ ಮತ್ತೆ ಕೇಳಬೇಕು ಅನ್ನಿಸುವುದು ಕಡಿಮೆ. ಅಂಥದ್ದೇ ಗೌರವ ಆಲ್ಬಮ್, 2022ರ 'ಹಿಯರ್ ಇಟ್ ಈಸ್' ಇದಕ್ಕಿಂತ ಎಷ್ಟೋ ಮೇಲು. ಅದರಲ್ಲಿ ನೋರಾ ಜೋನ್ಸ್ ಹಾಡಿದ್ದಾರೆ, ನಮ್ಮ ಪಂಡಿತ್ ರವಿಶಂಕರ್ ಅವರ ಮಗಳು.

ಇಂಥ ಆಲ್ಬಮ್ ಮಾಡಲು ಹೊರಟವರಿಗೆ ಈಗ ಲೆಕ್ಕ. ಹಾಡು ಒಮ್ಮೆ ಅಧಿಕೃತವಾಗಿ ಹೊರಬಂದಿದ್ದರೆ, ಅಮೆರಿಕದಲ್ಲಿ ಅದರ ಕವರ್ ಸೀಡಿ ಮಾಡಲು ಹಕ್ಕುದಾರರು ಒಪ್ಪಲೇಬೇಕೆಂದಿಲ್ಲ. ನಿಯಮದಂತೆ ನೋಟಿಸ್ ಕೊಟ್ಟು, ಕಾನೂನು ಗೊತ್ತುಮಾಡಿದ ದರ ಕಟ್ಟಿದರೆ ಸಾಕು. 2025ರ ದರ ಪ್ರತಿ ಹಾಡಿಗೆ, ಪ್ರತಿ ಸೀಡಿಗೆ 12.7 ಸೆಂಟ್. ಹದಿನೆಂಟು ಹಾಡಿನ ಸಾವಿರ ಸೀಡಿಗೆ 2,286 ಡಾಲರ್. ಐದು ನಿಮಿಷ ದಾಟಿದ ಹಾಡಿಗೆ ನಿಮಿಷಕ್ಕೆ 2.45 ಸೆಂಟ್, ಅರೆ ನಿಮಿಷವೂ ಪೂರ್ತಿ ನಿಮಿಷವೇ. 6 ನಿಮಿಷ 53 ಸೆಕೆಂಡ್ ಹಾಡಿದರೆ ಏಳು ನಿಮಿಷದ ಲೆಕ್ಕ, 17.15 ಸೆಂಟ್.

ಅಮೆರಿಕದ ಕನ್ನಡಿಗರು ಎಡವುವ ಜಾಗ ಎರಡು. ವಿಡಿಯೋ ಮಾಡಿದರೆ ಈ ಪರವಾನಗಿ ಸಾಲದು, ಪ್ರಕಾಶಕರ ಹತ್ತಿರ ಬೇರೆಯೇ ಒಪ್ಪಂದ ಬೇಕು. ಸಾಹಿತ್ಯವನ್ನು ಕನ್ನಡಕ್ಕೆ ತಂದು ಹಾಡಿದರೆ ಅದು ಕವರ್ ಅಲ್ಲ, ಅನುವಾದ. ಅದಕ್ಕೂ ಮೊದಲೇ ಅನುಮತಿ ಪಡೆಯಬೇಕು.

ಭಾರತದಲ್ಲಿ ಕಾನೂನು ಇನ್ನೂ ಬಿಗಿ. ಹಕ್ಕುದಾರರ ಒಪ್ಪಿಗೆಯಿಲ್ಲದೆ ಕವರ್ ಮಾಡಲು ಬಿಡುವ, ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಮಿನ ಪ್ರಕಾರ, ಮೊದಲ ಧ್ವನಿಮುದ್ರಣ ಆದ ವರ್ಷ ಮುಗಿದು ಐದು ವರ್ಷ ಕಳೆಯಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು, ನಿರ್ದಿಷ್ಟ ಭಾಷೆಯ ಹಾಡುಗಳಿಗೆ ಈ ಕನಿಷ್ಠ ಸಂಖ್ಯೆಯನ್ನು ತಗ್ಗಿಸುವ ಅವಕಾಶ ಮಾತ್ರ ಕಾಯ್ದೆಯಲ್ಲಿದೆ. ಗೌರವ ಆಲ್ಬಮ್ ಸಿಕ್ಕಿಕೊಳ್ಳುವುದು ಇನ್ನೊಂದು ಷರತ್ತಿನಲ್ಲಿ: ಮೊದಲು ಹಾಡಿದವರ ಹೆಸರಾಗಲಿ ಚಿತ್ರವಾಗಲಿ ಹೊದಿಕೆಯ ಮೇಲೆ ಇರಕೂಡದು. ರಾಜ್‌ಕುಮಾರ್ ಹಾಡಿದ ಗೀತೆಗಳಿಗೆ ಈ ದಾರಿಯಲ್ಲಿ ಗೌರವ ಆಲ್ಬಮ್ ಮಾಡಿದರೆ ಅವರ ಫೋಟೋ ಹಾಕುವಂತಿಲ್ಲ, ಸಿನಿಮಾದ ಹೆಸರನ್ನೂ ಬರೆಯುವಂತಿಲ್ಲ. ಮುಖ, ಹೆಸರು ಬೇಕೇ ಬೇಕು ಅನ್ನುವವರು 31ಸಿ ಬಿಟ್ಟು, ಒಂದೊಂದು ಹಾಡಿಗೂ ಹಕ್ಕುದಾರರಿಂದ ನೇರವಾಗಿ ಒಪ್ಪಿಗೆ ಬರೆಸಿಕೊಳ್ಳಬೇಕು.