ಕ್ಯಾಂಡಲ್ ಫಿಲ್ಟರ್ ತಗೊಳ್ಳೋಕಿಂತ ಮೊದ್ಲ ನೀರು ಎಲ್ಲಿಂದ ಬರತೈತಿ ನೋಡ್ರಿ

ಹುಬ್ಬಳ್ಳಿ-ಧಾರವಾಡದಾಗ ಮಲಪ್ರಭಾ ನೀರು ಬರೋ ಮನಿಗೆ ಕರೆಂಟ್ ಬ್ಯಾಡದ ಸೆರಾಮಿಕ್ ಕ್ಯಾಂಡಲ್ ಫಿಲ್ಟರ್ ಭಾಳ ಚಲೋ ಅಂತ ನನಗ ಅನಸ್ತೈತಿ, ಯಾಕಂದ್ರ ನಳ ದಿನಾ ಬರದ ಓಣಿಯಾಗ ಟಾಕಿಯೊಳಗ ತುಂಬಿಟ್ಟಿದ್ದ ನೀರೇ ಕುಡೀಬೇಕು. ಮ್ಯಾಲಿನ ಡಬ್ಬಿಗೆ ನೀರು ಸುರುವಿದ್ರ ತನ್ನ ಭಾರಕ್ಕ ತಾನ ಕ್ಯಾಂಡಲ್ ಒಳಗಿಂದ ಕೆಳಗ ಇಳಿತೈತಿ. ಚಲೋ ಕ್ಯಾಂಡಲ್ದಾಗಿನ ರಂಧ್ರ 1 ಮೈಕ್ರಾನ್‌ಕಿಂತ ಸಣ್ಣವು ಇರ್ತಾವು, ಕೆಸರು ಮತ್ತ ಹೆಚ್ಚಿನ ಬ್ಯಾಕ್ಟೀರಿಯಾ ಮ್ಯಾಲೇ ಉಳಿತಾವು. ವೈರಸ್ ಅದಕ್ಕಿಂತ ಸಣ್ಣವು, ದಾಟಿಬಿಡ್ತಾವು, ಅದಕ್ಕ ಓಣಿಯಾಗ ಕಾಮಾಲಿ ಸುದ್ದಿ ಬಂದ್ರ ಸೋಸಿದ ನೀರನ್ನೂ ಕುದಿಸಲೇಬೇಕ್ರಿ.

ಆದ್ರ ಗದಗ, ಮುಂಡರಗಿ ಕಡೆ ಬೋರ್ ನೀರು ಕುಡಿಯೋರು ಇದನ್ನ ನಂಬಿ ಕೂಡಬ್ಯಾಡ್ರಿ. ಅಲ್ಲಿ ಫ್ಲೋರೈಡ್ ಸಮಸ್ಯೆ ಐತಿ, ಅದು ನೀರಾಗ ಕರಗಿರತೈತಿ, ಸಾದಾ ಕ್ಯಾಂಡಲ್‌ಗೆ ಸಿಗೂದಿಲ್ಲ, ಕುದಿಸಿದ್ರೂ ಹೋಗೂದಿಲ್ಲ, ನೀರು ಆವಿಯಾಗಿ ಉಳಿದಿದ್ರಾಗ ಇನ್ನಷ್ಟು ಗಟ್ಟಿ ಆಗತೈತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರ ಸಣ್ಣ ಹುಡುಗರ ಹಲ್ಲು, ದೊಡ್ಡವರ ಎಲುಬು ಎರಡಕ್ಕೂ ಅಪಾಯ. ಮೊದ್ಲ ನೀರು ಟೆಸ್ಟ್ ಮಾಡಿಸ್ರಿ, ಹೆಚ್ಚಿದ್ರ ಆರ್‌ಒ ನೀರೇ ಕುಡೀರಿ.

ಅಂಗಡಿಯಾಗ ಸ್ಟೀಲ್ ಡಬ್ಬಿ ಹೊಳಪು ನೋಡೂದಕ್ಕಿಂತ ಕ್ಯಾಂಡಲ್, ವಾಷರ್ ನೋಡ್ರಿ. ಮ್ಯಾಲಿನ ಡಬ್ಬಿ ತುಂಬಿ ಎತ್ತಿ ಹಿಡೀರಿ, ನಟ್ ಸುತ್ತ ಹನಿ ಬಿದ್ರ ಸೋಸದ ನೀರೇ ಕೆಳಗ ಹೋಗಾಕತ್ತೈತಿ ಅಂತ ತಿಳೀರಿ. ನೀರು ನಿಧಾನ ಆದ್ರ ಕ್ಯಾಂಡಲ್ ಬಿಚ್ಚಿ ಮೆತ್ತನ ಬ್ರಷ್‌ಲೆ ಬರೇ ನೀರಾಗ ತಿಕ್ರಿ, ಸಾಬಾಣ ಹಚ್ಚಬ್ಯಾಡ್ರಿ. ಕೂದಲೆಳಿಯಷ್ಟು ಬಿರುಕು ಕಂಡ್ರೂ ಅವತ್ತ ಹೊಸಾದು ಹಾಕ್ರಿ.